ಬುಗುರಿಯ ಬೆನ್ನು

ಬುಗುರಿಗೆ ಮನುಷ್ಯರ ಪರಿಚಯವಾಗುತ್ತಿದ್ದದ್ದು ತಲೆಯ ಹಿಂಬದಿಯಿಂದ. ಯಾರ ಸುಳಿ ಯಾವ ಕಡೆಗೆ ತಿರುಗಿದೆ, ಯಾರಿಗೆ ಎಲ್ಲಿ ಹಳೆಯ ಗಾಯದ ಗುರುತಿದೆ, ಯಾರ ನೆತ್ತಿಯಲ್ಲಿ ಕೂದಲು ಸದ್ದಿಲ್ಲದೆ ರಾಜೀನಾಮೆ ಕೊಡುತ್ತಿದೆ ಎಂಬುದೆಲ್ಲ ಅವನ ಬೆರಳುಗಳಿಗೆ ಗೊತ್ತಿತ್ತು. ಮುಖಗಳೇನಿದ್ದರೂ ಎದುರಿನ ಕನ್ನಡಿಯೊಳಗೆ. ಅದೇ ಮನುಷ್ಯ ಬೀದಿಯಲ್ಲಿ ಎದುರಾಗಿ ನಕ್ಕರೆ ಮಾತ್ರ ಅವನು ತಬ್ಬಿಬ್ಬಾಗುತ್ತಿದ್ದ. ಕನ್ನಡಿಯಲ್ಲಿ ಬಲಗಡೆ ಕಾಣುತ್ತಿದ್ದ ಮಚ್ಚೆ ಬೀದಿಯಲ್ಲಿ ಎಡಗಡೆಗೆ ಹಾರಿರುತ್ತಿತ್ತು. ಬೈತಲೆ ಜಾಗ ಬದಲಾಯಿಸಿರುತ್ತಿತ್ತು. ಒಮ್ಮೆ ಬ್ಯಾಂಕಿನ ಮ್ಯಾನೇಜರನ್ನೇ ನಿಲ್ಲಿಸಿ, "ನಿಮ್ಮಣ್ಣ ನಮ್ಮ ಅಂಗಡಿಗೇ ಬರೋದು ಸಾರ್, ನಿಮ್ಮ ಥರಾನೇ ಇದಾರೆ" ಎಂದುಬಿಟ್ಟಿದ್ದ.

ಕಟಿಂಗ್ ಅಂಗಡಿ ಅವನ ಅಕ್ಕನ ಗಂಡನದು. ಅದಕ್ಕೆ ಅಂಟಿಕೊಂಡ ಕನ್ನಡಕದ ಅಂಗಡಿ ನನ್ನದು. ನಡುವಿನ ಗೋಡೆ ಎಷ್ಟು ತೆಳುವೆಂದರೆ, ಅಲ್ಲಿ ಕತ್ತರಿ ಆಡುವ ಸದ್ದಿಗೆ ಇಲ್ಲಿ ನನ್ನ ಗಿರಾಕಿಗಳು ಅಕ್ಷರದ ಹಲಗೆಯನ್ನು ತಾಳಬದ್ಧವಾಗಿ ಓದುತ್ತಿದ್ದರು. ಬುಗುರಿ ಹದಿಹರೆಯದಲ್ಲೇ ಕೆಲಸ ಕಲಿಯಲೆಂದು ಅಕ್ಕನ ಮನೆಗೆ ಬಂದವನು. ಕಲಿತ, ಎರಡನೆಯ ಕುರ್ಚಿ ಅವನದಾಯಿತು. ಕೈ ಹಗುರ, ಮಾತು ಅದಕ್ಕಿಂತ ಹಗುರ. ಯಾರನ್ನೂ ನೇರವಾಗಿ ನೋಡಿ ಮಾತಾಡುತ್ತಿರಲಿಲ್ಲ. ಗಿರಾಕಿಯ ಪ್ರತಿಬಿಂಬದೊಂದಿಗೆ ಮಾತ್ರ ಸರಾಗ. ನನ್ನ ಅಂಗಡಿಗೆ ಬಂದರೂ ಅಲ್ಲಿನ ಕನ್ನಡಿಯ ಕಡೆ ಮುಖ ಮಾಡಿಯೇ, "ಅಣ್ಣ, ಚಿಲ್ರೆ ಇದ್ಯಾ?" ಎಂದು ಕೇಳುತ್ತಿದ್ದ.

ಅವನ ನಿಜವಾದ ಹೆಸರನ್ನು ಜನ ಮರೆಯಲು ಕಾರಣ ಅವನ ಕುಣಿತ. ಎರಡು ಕುರ್ಚಿಗಳ ಹಿಂದೆ, ಗೋಡೆಗೆ ಹೊಂದಿಕೊಂಡು, ಒಬ್ಬ ಮನುಷ್ಯ ಓರೆಯಾಗಿ ನಡೆಯಬಹುದಾದಷ್ಟು ಓಣಿ. ಅದರ ಒಂದು ತುದಿಯಲ್ಲಿ ಬಿಸಿನೀರಿನ ಪಾತ್ರೆ, ಇನ್ನೊಂದು ತುದಿಯಲ್ಲಿ ಭಾವನ ಮೊಣಕೈ. ಬುಗುರಿಯ ಕುರ್ಚಿ ಖಾಲಿಯಾಗಿದ್ದು ರೇಡಿಯೋದಲ್ಲಿ ಒಳ್ಳೆಯ ಹಾಡು ಬಂತೆಂದರೆ ಅವನು ಆ ಓಣಿಗಿಳಿಯುತ್ತಿದ್ದ. ಬೆಳಕಿಲ್ಲದ ಕಡೆ ಇಟ್ಟ ಸಸಿ ಅಗಲಕ್ಕೆ ಹರಡದೆ ಉದ್ದಕ್ಕೇ ಎಳೆದುಕೊಂಡು ಬೆಳೆಯುತ್ತದಲ್ಲ, ಅವನ ನೃತ್ಯವೂ ಹಾಗೆ ಬೆಳೆದಿತ್ತು. ಅಡ್ಡಡ್ಡ ಚಲನೆಯೇ ಇಲ್ಲ. ಮೇಲಕ್ಕೆ ನೆಗೆತ, ಕೆಳಕ್ಕೆ ಕುಸಿತ, ನಿಂತಲ್ಲೇ ಗಿರಗಿರನೆ ಸುತ್ತುವುದು. ಸುತ್ತುವಾಗ ಭಾವನ ಮೊಣಕೈ ಬಂದರೆ ಸೊಂಟವನ್ನು ಒಳಗೆಳೆದುಕೊಳ್ಳುವ ಒಂದು ವಿಶೇಷ ಬಾಗು. ಅದನ್ನು ಅವನಿಗೆ ಕಲಿಸಿದ ಗುರು ಆ ಮೊಣಕೈಯೇ.

ಪ್ರೇಕ್ಷಕರೆಂದರೆ ಭಾವನ ಕುರ್ಚಿಯಲ್ಲಿದ್ದ ಗಿರಾಕಿ, ಒಬ್ಬನೇ. ಕಾಯುವವರು ಹೊರಗಿನ ಮೆಟ್ಟಿಲ ಮೇಲೆ ಬೀದಿ ನೋಡುತ್ತ ಕೂರುತ್ತಿದ್ದರು. ಕುರ್ಚಿಯಲ್ಲಿದ್ದವನು ಕುತ್ತಿಗೆಯವರೆಗೆ ಬಟ್ಟೆ ಹೊದ್ದಿರುತ್ತಿದ್ದ, ಕೈಗಳು ಅದರಡಿ ಸೆರೆ. ತಲೆ ತಿರುಗಿಸಿದರೆ ಭಾವ ಗದರಿಸುತ್ತಿದ್ದ. ಚಪ್ಪಾಳೆ ತಟ್ಟಲಾಗದ, ತಲೆದೂಗಲಾಗದ, ಎದ್ದು ಹೋಗಲೂ ಆಗದ ರಸಿಕ. ಕನ್ನಡಿಯೊಳಗೆ ಹುಬ್ಬೇರಿಸುವುದೊಂದೇ ಅವನಿಗಿದ್ದ ಸ್ವಾತಂತ್ರ್ಯ. ಬುಗುರಿಗೆ ಅಷ್ಟು ಸಾಕಿತ್ತು. ಮನೆಯಲ್ಲಿ ಎರಡೇ ಕೋಣೆ, ಅಂಗೈಯಗಲದ ಕನ್ನಡಿ. ಹಾಗಾಗಿ ಅವನಿಗೆ ಕುಣಿತವೆಂದರೆ ಅಂಗಡಿ, ಅಂಗಡಿಯೆಂದರೆ ಕುಣಿತ.

ಅದಕ್ಕೇ ಸಂಚಕಾರ ಬಂತು. ಬ್ಯಾಂಕಿನ ಮ್ಯಾನೇಜರು ಮೀಸೆ ಒಪ್ಪ ಮಾಡಿಸಿಕೊಳ್ಳಲು ಕೂತಿದ್ದರು. ಬುಗುರಿ ಹಿಂದೆ ನೆಗೆದು ಸುತ್ತಿ, ಇಳಿಯುವಾಗ ಬಿಸಿನೀರಿನ ಪಾತ್ರೆಗೆ ಕೈ ತಾಗಿ "ಹಾ!" ಎಂದ. ಅದನ್ನೂ ಕುಣಿತದ ಭಾಗವೆಂದೇ ತಿಳಿದ ಮ್ಯಾನೇಜರು ಕಿಸಕ್ಕನೆ ನಕ್ಕರು. ನಗುವಾಗ ಮೇಲ್ದುಟಿ ಎಲ್ಲಿಗೆ ಹೋಗುತ್ತದೆಂದು ಯಾವ ಕತ್ತಿಯೂ ಮೊದಲೇ ಊಹಿಸಲಾರದು. ಅರ್ಧ ಮೀಸೆ ನೊರೆಯೊಂದಿಗೆ ಹೋಯಿತು. ಉಳಿದರ್ಧವನ್ನು ಏನು ಮಾಡಬೇಕೆಂಬ ಬಗ್ಗೆ ಬಹಳ ಚರ್ಚೆಯಾಗಲಿಲ್ಲ.

ಆವತ್ತು ಮಧ್ಯಾಹ್ನ ಗೋಡೆಯಾಚೆಯ ಮಾತು ಪೂರ್ತಿ ಕೇಳಿಸಿತು.

"ಲೋ, ಇದು ಅಂಗಡಿನೋ ಸರ್ಕಸ್ಸೋ? ಇವತ್ತು ಮೀಸೆ ಹೋಯ್ತು, ನಾಳೆ ಮೂಗು ಹೋಗುತ್ತೆ!"

"ಭಾವ, ಅವರೇ ನಕ್ಕಿದ್ದು."

"ನಗಿಸಿದ್ಯಾರು, ನಮ್ಮಪ್ಪನಾ? ನೋಡು, ಕೊನೇ ಮಾತು. ಟೀವಿಯವರು ಪ್ರತಿಭೆ ಪ್ರತಿಭೆ ಅಂತ ಊರೂರು ಹುಡುಕ್ತಿದಾರಲ್ಲ, ಹೋಗಿ ಅಲ್ಲಿ ಕುಣಿ. ಆರಿಸಿದ್ರೆ ನೀನುಂಟು ನಿನ್ನ ಹಣೇಬರಹ ಉಂಟು, ಎಲ್ಲಿ ಬೇಕಾದ್ರೂ ಕುಣಿ. ಆರಿಸಲಿಲ್ವೋ, ಈ ಅಂಗಡಿ ಒಳಗೆ ಮತ್ತೆ ಕಾಲೆತ್ತಬಾರದು. ಒಪ್ಪಿಗೇನಾ?"

ಬಹುಶಃ ಕನ್ನಡಿಗೇ, ಬುಗುರಿ "ಒಪ್ಪಿಗೆ" ಎಂದ.

ಅಕ್ಕ ಫೋನಿನಲ್ಲಿ ಅವನ ಹೆಸರು ನೋಂದಾಯಿಸಿ ನನ್ನ ಬಳಿ ಬಂದಳು. ನಾನು ವೈಜ್ಞಾನಿಕವಾಗಿ ಯೋಚಿಸುವವನೆಂಬ ಅಪವಾದ ಬೀದಿಯಲ್ಲಿದೆ; ಅದಕ್ಕೆ ತಕ್ಕಂತೆ ನಡೆದುಕೊಂಡೆ. ಸಾವಿರಾರು ಮಂದಿ ಹೋಗುತ್ತಾರೆ, ಬೆರಳೆಣಿಕೆಯವರು ಆಯ್ಕೆಯಾಗುತ್ತಾರೆ, ನಾವು ಟೀವಿಯಲ್ಲಿ ನೋಡುವುದು ಆ ಬೆರಳೆಣಿಕೆಯವರನ್ನು ಮಾತ್ರ. ದಡ ಸೇರಿದ ದೋಣಿಗಳನ್ನಷ್ಟೇ ಲೆಕ್ಕ ಹಾಕಿದರೆ ಸಮುದ್ರ ಬಲು ಸಾಧು ಎನಿಸುತ್ತದಮ್ಮ, ಎಂದೆ.

"ಹಾಗಾದ್ರೆ ನೀವೇ ಜೊತೆಗೆ ಹೋಗಿ ಬನ್ನಿ ಅಣ್ಣ. ಮುಳುಗಿದ್ರೆ ಎತ್ಕೊಂಡು ಬರೋಕೆ ಒಬ್ರು ಬೇಕಲ್ಲ" ಎಂದಳು.

ಹೀಗೆ ನಾನು ಬುಗುರಿಯ ಜೊತೆ ಆಯ್ಕೆ ನಡೆಯುತ್ತಿದ್ದ ದೊಡ್ಡ ಸಭಾಂಗಣದ ಹೊರಗಿನ ಸಾಲಿನಲ್ಲಿ ನಿಂತೆ. ಸಾಲು ಕಟ್ಟಡವನ್ನು ಸುತ್ತುಹಾಕಿ ತನ್ನ ಬಾಲವನ್ನು ತಾನೇ ಹುಡುಕುತ್ತಿತ್ತು. ಗಲ್ಲದ ಮೇಲೆ ಸೈಕಲ್ ನಿಲ್ಲಿಸುವವನೊಬ್ಬ ಸೈಕಲ್ಲನ್ನು ನೆಲದ ಮೇಲೆ ನಿಲ್ಲಿಸಲಾಗದೆ ಒದ್ದಾಡುತ್ತಿದ್ದ. ಅದಕ್ಕೆ ಸ್ಟ್ಯಾಂಡ್ ಇರಲಿಲ್ಲ. ನಮ್ಮ ಮುಂದೆ ಹಾಡುವ ಹುಡುಗಿಯೊಬ್ಬಳು, ಜೊತೆಯಲ್ಲಿ ಅವಳ ಚಿಕ್ಕಮ್ಮ. ಗಂಟಲು ಸವೆಯಬಾರದೆಂದು ಚಿಕ್ಕಮ್ಮ ಬೆಳಗಿನಿಂದ ಅವಳಿಗೆ ಮಾತೇ ಆಡಗೊಟ್ಟಿರಲಿಲ್ಲ. ಹುಡುಗಿ ಏನು ಬೇಕಾದರೂ ಸನ್ನೆಯಲ್ಲೇ ಕೇಳಬೇಕು. ಅವಳು ಒಂದು ಬೆರಳೆತ್ತಿದರೆ ಚಿಕ್ಕಮ್ಮ ಬಿಸಿನೀರು ಕೊಡುತ್ತಿದ್ದಳು. ಕುಡಿದ ಮೇಲೆ ಹುಡುಗಿ ಇನ್ನಷ್ಟು ತುರ್ತಾಗಿ ಅದೇ ಬೆರಳೆತ್ತುತ್ತಿದ್ದಳು. ಚಿಕ್ಕಮ್ಮ ಮತ್ತೆ ಬಿಸಿನೀರು ಕೊಡುತ್ತಿದ್ದಳು. ಕೊನೆಗೆ ಬುಗುರಿಯೇ ನೆಲ ನೋಡುತ್ತ, "ಅಮ್ಮಾ, ಅವರಿಗೆ ಹೊರಗೆ ಹೋಗ್ಬೇಕು ಅನ್ಸುತ್ತೆ" ಎಂದ. ಹುಡುಗಿ ಅವನಿಗೆ ಕೈಮುಗಿದು ಓಡಿದಳು.

ಕಿವಿಗೆ ಮೈಕು ಸಿಕ್ಕಿಸಿಕೊಂಡ ಕಾರ್ಯಕ್ರಮದ ಹೆಂಗಸೊಬ್ಬಳು ಸಾಲಿನುದ್ದಕ್ಕೂ ಓಡಾಡುತ್ತಿದ್ದಳು. ಕ್ಯಾಮೆರಾ ಬಂದಾಗಲೆಲ್ಲ ನಾವೆಲ್ಲ ಕೈಯೆತ್ತಿ "ನಾನೇ ಗೆಲ್ಲೋದು!" ಎಂದು ಕೂಗಬೇಕು. ಅಷ್ಟೂ ಜನ ಒಟ್ಟಿಗೆ ಅದನ್ನು ಕೂಗುವಾಗ ಆ ವಾಕ್ಯದ ತರ್ಕ ಏನಾಗುತ್ತದೆಂದು ಯಾರೂ ಯೋಚಿಸಿದಂತಿರಲಿಲ್ಲ. ಕೂಗಿ ಕೂಗಿ ಹಾಡುವವರ ಗಂಟಲು ಬಿದ್ದಿತು. ಚಿಕ್ಕಮ್ಮ ಮಾತ್ರ ಹುಡುಗಿಯ ಪರವಾಗಿ ತಾನೇ ಕೂಗಿದಳು.

ಆ ಹೆಂಗಸು ನಮ್ಮ ಬಳಿ ಬಂದು ಬುಗುರಿಯನ್ನು ಮೇಲಿಂದ ಕೆಳಗೆ ನೋಡಿದಳು.

"ನಿಮ್ಮ ಕಥೆ ಏನು?"

"ಕಥೆ ಇಲ್ಲ ಮೇಡಂ, ಡ್ಯಾನ್ಸು."

"ಅದಲ್ಲಪ್ಪಾ. ಮನೇಲಿ ಏನಾದ್ರೂ ಕಷ್ಟ ಇದೆಯಾ?"

ಬುಗುರಿ ಬಹಳ ಯೋಚಿಸಿ, "ಭಾವ ಇದಾರೆ" ಎಂದ.

"ಹೊಡೀತಾರಾ?"

"ಇಲ್ಲ. ಮೊಣಕೈ ಅಡ್ಡ ಬರುತ್ತೆ."

ಅವಳು ನನ್ನ ಕಡೆ ತಿರುಗಿದಳು. "ನೀವು ತಂದೇನಾ?"

"ಅಲ್ಲಮ್ಮ, ಪಕ್ಕದಂಗಡಿ."

"ಪರವಾಗಿಲ್ಲ. ಅವರು ಒಳಗೆ ಹೋದಾಗ ಸ್ವಲ್ಪ ಅಳ್ತೀರಾ? ಕಣ್ಣು ಒದ್ದೆ ಆದ್ರೂ ಸಾಕು."

ಕಣ್ಣೀರು ಕಣ್ಣನ್ನು ತೊಳೆಯಲೆಂದು ಇರುವ ದ್ರವವೆಂದೂ, ನನ್ನ ಕಣ್ಣು ಸದ್ಯಕ್ಕೆ ಶುಭ್ರವಾಗಿದೆಯೆಂದೂ ಹೇಳಿದೆ. ಅವಳು ನನ್ನನ್ನು ಬಿಟ್ಟು ಸೈಕಲ್ಲಿನವನ ತಾಯಿಯ ಬಳಿ ಹೋದಳು. ಆಕೆ ಕೇಳುವ ಮೊದಲೇ ಅಳತೊಡಗಿದ್ದರು.

ಸಾಲು ಸರಿಯುತ್ತ ಬಾಗಿಲ ಹತ್ತಿರ ಬಂತು. "ಅಣ್ಣ, ಇವ್ರು ಬೇಡ ಅಂದ್ರೆ ಅಂಗಡೀಲಿ ಬರೀ ಕಟಿಂಗ್ ಮಾಡ್ಬೇಕು ಅಲ್ವಾ?" ಎಂದು ಬುಗುರಿ ಕೇಳಿದ, ಸಭಾಂಗಣದ ಗಾಜಿನ ಬಾಗಿಲಿನಲ್ಲಿದ್ದ ನನ್ನ ಪ್ರತಿಬಿಂಬವನ್ನು. ಎಲ್ಲರೂ ಬರೀ ಕಟಿಂಗೇ ಮಾಡುವುದು ಎನ್ನಲು ಹೊರಟವನು ಅವನ ಮುಖ ನೋಡಿ ಅವನ ಅಂಗಿಯ ಕಾಲರನ್ನಷ್ಟೇ ಸರಿಮಾಡಿದೆ.

ಮೊದಲು ಹುಡುಗಿ ಒಳಗೆ ಹೋದಳು. ಜೊತೆಗೆ ಬಂದವರು ವೇದಿಕೆಯ ಪಕ್ಕದಲ್ಲಿ ನಿಂತು ಚಿಕ್ಕದೊಂದು ಪರದೆಯಲ್ಲಿ ನೋಡಬಹುದಿತ್ತು. ಬೆಳಗಿನಿಂದ ಒಂದು ಅಕ್ಷರವೂ ಹೊರಬಾರದ ಆ ಗಂಟಲಿನಿಂದ ಮೊದಲು ಹೊರಟಿದ್ದು ತುಕ್ಕು ಹಿಡಿದ ಕೀಲಿನ ಸದ್ದು. ಎರಡನೆಯ ಸಾಲಿಗೆ ಸರಿಹೋಗುತ್ತಿತ್ತೋ ಏನೋ, ಎರಡನೆಯ ಸಾಲಿನವರೆಗೆ ಯಾರೂ ಬಿಡಲಿಲ್ಲ. ಹೊರಬಂದವಳನ್ನು ಚಿಕ್ಕಮ್ಮ ಹಿಡಿದುಕೊಂಡು, "ಬೆಳಗ್ಗೆಯಿಂದ ತುಟಿ ಪಿಟಕ್ ಅನ್ನಲಿಲ್ಲ, ಆದ್ರೂ ಹೇಗೆ ಕಟ್ಟಿತೇ ಗಂಟಲು?" ಎಂದಳು. ಹುಡುಗಿ ಆ ದಿನದ ತನ್ನ ಮೊದಲ ಮಾತಾಡಿದಳು: "ಅದಕ್ಕೇ ಚಿಕ್ಕಮ್ಮ." ಆಮೇಲೆ ಅವಳು ಮಾತು ನಿಲ್ಲಿಸಲೇ ಇಲ್ಲ. ಮೊಗಸಾಲೆ ದಾಟಿ ಬೀದಿಗಿಳಿಯುವವರೆಗೂ ಅವಳ ದನಿ ಕೇಳಿಸುತ್ತಿತ್ತು, ಮತ್ತು ಅದು ನಿಜಕ್ಕೂ ಒಳ್ಳೆಯ ದನಿಯಾಗಿತ್ತು.

ಈಗ ಬುಗುರಿ.

ವೇದಿಕೆ ವಿಶಾಲವಾಗಿತ್ತು. ಎದುರಿಗೆ ಮೂವರು ತೀರ್ಪುಗಾರರು. ಅವರ ಹಿಂದೆ ಕಾರ್ಯಕ್ರಮದವರು ಕೂರಿಸಿದ ಜನ. ಬುಗುರಿ ನಡುವಿಗೆ ಬಂದ, ತಲೆಯೆತ್ತಿ ಅಷ್ಟೂ ಮುಖಗಳನ್ನು ಒಮ್ಮೆ ನೋಡಿದ, ಬೆಚ್ಚಿ ಹಿಂದಕ್ಕೆ ತಿರುಗಿದ. ವೇದಿಕೆಯ ಹಿಂಗೋಡೆಯಲ್ಲಿ ಇನ್ನೂ ದೀಪ ಹತ್ತಿಸದ ದೊಡ್ಡ ಕಪ್ಪು ಟೀವಿ ಪರದೆಯೊಂದಿತ್ತು, ನುಣುಪಾದದ್ದು, ಹೊಳೆಯುವಂಥದ್ದು. ಅದರೊಳಗೆ ತೀರ್ಪುಗಾರರು ಮಸುಕಾಗಿ, ಚಿಕ್ಕದಾಗಿ, ಕುರ್ಚಿಯಲ್ಲಿ ಕೂತ ಗಿರಾಕಿಗಳಂತೆ ಕಾಣುತ್ತಿದ್ದರು. ಅವನ ಹೆಗಲು ಸಡಿಲಾದದ್ದು ನನಗೆ ಪಕ್ಕದಿಂದಲೇ ತಿಳಿಯಿತು. ಹಾಡು ಶುರುವಾಯಿತು. ಅವನು ಲೋಕಕ್ಕೆ ಬೆನ್ನು ಹಾಕಿ ಕುಣಿಯತೊಡಗಿದ.

ಕನ್ನಡಿ ಎಡಬಲಗಳನ್ನು ಅದಲುಬದಲು ಮಾಡುತ್ತದೆಂದು ನಾವೆಲ್ಲ ಹೇಳುತ್ತೇವೆ. ಅದು ನಿಜವಾಗಿ ತಿರುಗಿಸುವುದು ಹಿಂದುಮುಂದನ್ನು. ಈ ಸಂಗತಿಯನ್ನು ಎಷ್ಟೋ ಮಂದಿಗೆ ವಿವರಿಸಿ ಸೋತಿದ್ದೇನೆ. ಬುಗುರಿ ಅದನ್ನು ತನ್ನ ದೇಹದಿಂದಲೇ ಸಾಧಿಸಿ ತೋರಿಸುತ್ತಿದ್ದ. ಅಷ್ಟು ದೊಡ್ಡ ವೇದಿಕೆಯ ನಡುವೆ ಒಂದು ಕಾಣದ ಓಣಿ. ಅದರಾಚೆಗೆ ಅವನು ಕಾಲಿಡಲಿಲ್ಲ. ನೆಗೆದ, ಕುಸಿದ, ಸುತ್ತಿದ. ಇಲ್ಲದ ಪಾತ್ರೆಯಿಂದ ಕೈಯನ್ನು ಸರಕ್ಕನೆ ಹಿಂತೆಗೆದ. ಇಲ್ಲದ ಮೊಣಕೈಯೊಂದು ಬಂದಾಗ ಸೊಂಟವನ್ನು ಒಳಗೆಳೆದುಕೊಂಡು ಬಾಗಿದ. ಮೊದಲು ಒಬ್ಬ ನಕ್ಕ. ಆಮೇಲೆ ಜನ ಒಮ್ಮೆಲೇ ಚಪ್ಪಾಳೆ ತಟ್ಟಿದರು.

ಬುಗುರಿ ನಿಂತುಬಿಟ್ಟ. ಮೇಲೆ ನೋಡಿದ, ಕೆಳಗೆ ನೋಡಿದ.

"ಏನಾಯ್ತಪ್ಪ?" ಎಂದಳು ನಡುವೆ ಕೂತ ತೀರ್ಪುಗಾರ್ತಿ.

"ಏನೋ ಬಿತ್ತು ಮೇಡಂ."

"ಅದು ಚಪ್ಪಾಳೆ. ಅದಿರಲಿ, ನಮಗ್ಯಾಕೆ ಬೆನ್ನು ತೋರಿಸ್ತಿದೀಯ?"

ಅವನು ಪರದೆಯನ್ನೇ ನೋಡುತ್ತ, "ನೀವು ಚೆನ್ನಾಗಿ ಕಾಣ್ತಿದೀರಲ್ಲ ಮೇಡಂ" ಎಂದ.

"ನಾವು ಕಾಣೋದು ಕಟ್ಕೊಂಡು ಏನಾಗ್ಬೇಕು? ನೀನು ನಮಗೆ ಕಾಣ್ಬೇಕು!"

"ಇಲ್ಲಿ ಕನ್ನಡೀಲಿ ನೋಡಿ ಮೇಡಂ, ಕಾಣ್ತೀನಿ."

ಸಭೆ ಗೊಳ್ಳೆಂದಿತು. ಆಕೆ ಕೆಟ್ಟವಳಲ್ಲ, ನಗು ತಡೆದುಕೊಂಡು, "ಸುತ್ತೋದು ಚೆನ್ನಾಗಿದೆ ಕಣಪ್ಪ. ಇನ್ನೊಂದ್ಸಲ, ಈ ಕಡೆ ತಿರುಗಿ ಮಾಡು" ಎಂದಳು. ಹಾಡು ಮತ್ತೆ ಶುರುವಾಯಿತು. ಬುಗುರಿ ತಿರುಗಿದ. ಆಮೇಲೆ ಏನೂ ಆಗಲಿಲ್ಲ. ಕಾಲುಗಳು ಬೇರು ಬಿಟ್ಟಿದ್ದವು. ಕೈ ಬೆರಳೆರಡು ಮಾತ್ರ ಕತ್ತರಿಯಂತೆ ಗಾಳಿಯಲ್ಲಿ ಆಡುತ್ತಿದ್ದವು. ಹಾಡು ಅರ್ಧ ದಾಟಿತು. ಏನಾದರೂ ಮಾತಾಡಲೇಬೇಕೆಂದು ಅವನಿಗನ್ನಿಸಿರಬೇಕು, ಅಂಚಿನಲ್ಲಿ ಕೂತಿದ್ದ ಹೆಸರುವಾಸಿ ತೀರ್ಪುಗಾರನ ತಲೆಯನ್ನು ನೋಡಿ, ಅಂಗಡಿಯ ಮರ್ಯಾದೆಯ ದನಿಯಲ್ಲಿ, "ಬಣ್ಣ ಹಾಕಿ ಬಹಳ ದಿನ ಆಯ್ತಲ್ವಾ ಸಾರ್? ಬುಡದಲ್ಲಿ ಬೆಳ್ಳಗಾಗ್ತಿದೆ" ಎಂದ.

ಮೂವರೂ ಬೇಡವೆಂದರು. ಆ ತೀರ್ಪುಗಾರ ಎರಡು ಸಲ ಬೇಡವೆಂದ.

ಹಿಂದಿರುಗುವ ಬಸ್ಸಿನಲ್ಲಿ ಅವನಿಗೆ ಕಿಟಕಿಯ ಪಕ್ಕ ಜಾಗ ಕೊಟ್ಟೆ. ಬಹಳ ದೂರ ಬಂದ ಮೇಲೆ ಗಾಜಿಗೆ ಹೇಳಿದ: "ಮುಗೀತು ಅಣ್ಣ."

ಬುಗುರಿ ಮಾತಿಗೆ ತಪ್ಪಲಿಲ್ಲ. ಮರುದಿನದಿಂದ ರೇಡಿಯೋ ಏನು ಹಾಡಿದರೂ ಅವನ ಕಾಲು ನೆಲ ಬಿಡಲಿಲ್ಲ. ಕುರ್ಚಿ ಖಾಲಿಯಿದ್ದಾಗ ಬಾಚಣಿಗೆ ತೊಳೆದ. ತೊಳೆದದ್ದನ್ನೇ ಮತ್ತೆ ತೊಳೆದ. ಗೋಡೆಯಾಚೆ ಅಷ್ಟು ಅಚ್ಚುಕಟ್ಟಾದ ಮೌನ ನಾನು ಹಿಂದೆಂದೂ ಕೇಳಿರಲಿಲ್ಲ. ಭಾವ ಮೊದಮೊದಲು ಗೆದ್ದವನ ಗತ್ತಿನಲ್ಲಿದ್ದ. ಬರುಬರುತ್ತ ಅವನ ಮೊಣಕೈ ಸುಮ್ಮಸುಮ್ಮನೆ ಹಿಂದಕ್ಕೆ ಚಾಚಿ ಏನನ್ನೋ ಹುಡುಕತೊಡಗಿತು.

ಅಷ್ಟರಲ್ಲಿ ಟೀವಿಯವರು ಆ ಭಾಗವನ್ನು ಪ್ರಸಾರ ಮಾಡಿದರು. ಕಣ್ಣು ಮಿಟುಕಿಸುವಷ್ಟು ಹೊತ್ತು, ಬಿದ್ದವರು ಎದ್ದವರ ಗುಂಪಿನಲ್ಲಿ, ಬುಗುರಿಯ ಬೆನ್ನು. ಜೊತೆಗೆ ಯಾರದೋ ನಗುವನ್ನು ಅಂಟಿಸಿದ್ದರು. ಮಾರನೆಯ ದಿನದಿಂದ ಅಂಗಡಿಗೆ ಕೂದಲು ಬೆಳೆಯದವರೂ ಬರತೊಡಗಿದರು.

"ಎಲ್ಲಪ್ಪಾ ಆ ಬೆನ್ನು? ಸ್ವಲ್ಪ ತೋರ್ಸು!"

"ಬೆನ್ನು ನೋಡೋಕೆ ಬಂದಿದ್ರೆ ನಿಮ್ಮನೆ ಎಮ್ಮೇದು ನೋಡ್ಕೊಳಿ ಹೋಗಿ!" ಎಂದು ಭಾವ ಅಬ್ಬರಿಸಿದ. ಬುಗುರಿ ತಲೆ ತಗ್ಗಿಸಿ ಬಾಚಣಿಗೆ ತೊಳೆದ.

ನಾನು ಕಟಿಂಗಿಗೆಂದು ಭಾವನ ಕುರ್ಚಿಯಲ್ಲಿ ಕೂತಿದ್ದ ಒಂದು ಬೆಳಿಗ್ಗೆ ಅಕ್ಕ ಅಂಗಡಿಗೇ ನುಗ್ಗಿದಳು.

"ರೀ, ಇವನು ಮನೇಲಿ ಊಟ ಬಿಟ್ಟಿದಾನೆ. ನೀವೂ ನಿಮ್ಮ ಮಾತೂ! ಒಂದ್ಸಲ ಕುಣಿಯೋ ಅಂತ ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಮಾತು ಅಂದ್ಮೇಲೆ ಮಾತು ಕಣೇ. ನಾನೇ ಮುರಿದ್ರೆ ನಾಳೆ ಇವನು ನನ್ನ ಯಾವ ಮಾತು ಕೇಳ್ತಾನೆ?" ಭಾವ ಕತ್ತರಿಯನ್ನು ನನ್ನ ತಲೆಯ ಮೇಲೆಯೇ ನಿಲ್ಲಿಸಿ ಯೋಚಿಸಿದ. "ಆದ್ರೆ ನಾನು ಹೇಳಿದ್ದು ಅಂಗಡಿ ಒಳಗೆ ಅಂತ. ಹೊರಗೆ ಬೀದಿ ಏನು ನಮ್ಮ ತಾತನದಾ?"

"ಹೊರಗೆ ಕನ್ನಡಿ ಇಲ್ಲ ಭಾವ" ಎಂದ ಬುಗುರಿ, ಕನ್ನಡಿಗೆ.

"ಮುಖಗಳಿದಾವಲ್ಲೋ" ಎಂದಳು ಅಕ್ಕ.

"ಅದೇ ಅಕ್ಕಾ ಕಷ್ಟ."

ಭಾವ ಕತ್ತರಿ ಕೆಳಗಿಟ್ಟ. ನಾನು ಏನಾಗುತ್ತಿದೆಯೆಂದು ತಿಳಿಯುವಷ್ಟರಲ್ಲಿ ಕುರ್ಚಿಯನ್ನು ಎರಡೂ ಕೈಯಿಂದ ಹಿಡಿದು, ನನ್ನ ಸಮೇತ, ಬಾಗಿಲ ಕಡೆಗೆ ತಿರುಗಿಸಿಬಿಟ್ಟ. ಕನ್ನಡಿ ನನ್ನ ಬೆನ್ನಿಗೆ ಹೋಯಿತು, ಬೀದಿ ಎದುರಿಗೆ ಬಂತು.

"ತಗೋ, ಒಂದೇ ಮುಖ. ಇವರನ್ನ ನೋಡ್ಕೊಂಡು ಕುಣಿ. ಇವರು ಯಾವುದನ್ನೂ ಸುಲಭಕ್ಕೆ ಮೆಚ್ಚೋರಲ್ಲ. ಇವರ ಮುಂದೆ ಆದ್ರೆ ಯಾರ ಮುಂದೆನಾದ್ರೂ ಆಗುತ್ತೆ. ಕನ್ನಡಕದವ್ರೇ, ಅಲ್ಲಾಡಬೇಡಿ."

ಅಲ್ಲಾಡಲು ನನಗೆಲ್ಲಿತ್ತು ಅವಕಾಶ? ಕುತ್ತಿಗೆಯವರೆಗೆ ಬಟ್ಟೆ, ಕೈಗಳು ಅದರಡಿ. ಬುಗುರಿ ಮೆಟ್ಟಿಲಿಳಿದು ಬೀದಿಯಂಚಿನಲ್ಲಿ ನಿಂತ. ಕಾಯುತ್ತ ಕೂತಿದ್ದವರು ಸರಿದು ಜಾಗ ಬಿಟ್ಟರು. ಅಕ್ಕ ರೇಡಿಯೋದ ಸದ್ದು ಏರಿಸಿದಳು. ಅವನು ಮೊದಲು ನನ್ನ ಪಾದ ನೋಡಿದ, ಆಮೇಲೆ ಮಂಡಿ, ಆಮೇಲೆ ಕುತ್ತಿಗೆಯ ಗಂಟು. ಅಲ್ಲೇ ಬಹಳ ಹೊತ್ತು ನಿಂತ. ಹಾಡು ಮುಗಿದು ಇನ್ನೊಂದು ಶುರುವಾಯಿತು. ಅವನ ಕಣ್ಣು ನನ್ನ ಗಲ್ಲ ದಾಟಿ, ಮೂಗು ದಾಟಿ, ಕೊನೆಗೆ ಕಣ್ಣಿಗೆ ಬಂತು. ಇಷ್ಟು ವರ್ಷಗಳಲ್ಲಿ ಅವನು ನನ್ನನ್ನು ನೋಡಿದ್ದು ಅದೇ ಮೊದಲು. ಹುಬ್ಬು ಗಂಟಿಕ್ಕಿ, ನಾನು ನಾನೇ ಹೌದೇ ಎಂದು ಪರೀಕ್ಷಿಸುವವನಂತೆ ನೋಡಿದ. ಆಮೇಲೆ ಅವನ ಒಂದು ಕಾಲು ನೆಲ ಬಿಟ್ಟಿತು.

ಅದು ಚೆನ್ನಾಗಿತ್ತೆಂದು ಹೇಳಲಾರೆ. ಎರಡು ಸಲ ತಡವರಿಸಿದ, ಒಮ್ಮೆ ನಿಂತಿದ್ದ ಸ್ಕೂಟರಿಗೆ ತಾಗಿದ. ಆದರೆ ಮೂರನೆಯ ಸುತ್ತಿನಲ್ಲಿ ಅವನಿಗೆ ಅಕ್ಕಪಕ್ಕ ಗೋಡೆಯಿಲ್ಲವೆಂಬುದು ಅರಿವಾಗಿರಬೇಕು. ಎರಡೂ ಕೈಗಳನ್ನು ಅಗಲಕ್ಕೆ ಚಾಚಿದ. ಅವು ಎಲ್ಲಿಗೂ ತಾಗದೆ ಪೂರ್ತಿ ಬಿಚ್ಚಿಕೊಂಡವು. ಅವನ ತೋಳುಗಳು ಅಷ್ಟು ಉದ್ದವೆಂದು ನಮಗಾರಿಗೂ ಗೊತ್ತಿರಲಿಲ್ಲ, ಅವನಿಗೂ.

"ನೋಡ್ರೀ, ನೋಡ್ರೀ!" ಎಂದಳು ಅಕ್ಕ.

"ನೋಡ್ತಿದೀನಿ ಕಣೇ!" ಎಂದ ಭಾವ. ನೋಡುತ್ತಲೇ ಅವನು ಮತ್ತೆ ಎತ್ತಿಕೊಂಡ ಕತ್ತರಿಯೂ ಆಡುತ್ತಿತ್ತು, ಮೂವತ್ತು ವರ್ಷಗಳ ಅಭ್ಯಾಸದ ಬಲದಲ್ಲಿ. ಕನ್ನಡಿ ಈಗ ಎದುರಿಗಿಲ್ಲವೆಂಬುದು ಆ ಅಭ್ಯಾಸಕ್ಕೆ ಗೊತ್ತಿರಲಿಲ್ಲ. ಬಲಗಿವಿಯ ಬಳಿ ಒಂದು ತಣ್ಣನೆಯ ಗಾಳಿ ಸುಳಿಯಿತು. ಭಾವ "ಅಯ್ಯೋ" ಎಂದ. ಸರಿಮಾಡಲೆಂದು ಎಡಗಡೆಗೆ ಬಂದ. ಅಲ್ಲಿ "ಥತ್" ಎಂದ. ಬಟ್ಟೆಯಡಿಯಿಂದ ಕೈ ಬಿಡಿಸಿಕೊಂಡು ಮುಟ್ಟಿನೋಡಿದೆ. ಎಡಬದಿಯ ಕೂದಲಿಗೂ ಬಲಬದಿಯ ಕೂದಲಿಗೂ ಯಾವ ಸಂಬಂಧವೂ ಉಳಿದಿರಲಿಲ್ಲ.

"ಏನು ಮಹಾರಾಯರೇ ಇದು, ಎರಡು ಕಡೆ ಎರಡು ಥರ?"

ಭಾವ ನನ್ನ ತಲೆಯನ್ನು ದೂರದಿಂದ, ಕಣ್ಣು ಕಿರಿದು ಮಾಡಿ ನೋಡಿದ. "ನಾನು ಸಮನಾಗೇ ತೆಗೆದಿದೀನಿ. ನಿಮ್ಮ ಕಿವಿಗಳೇ ಒಂದೇ ಎತ್ತರಕ್ಕಿಲ್ಲ."

ವಾದಿಸಲು ಬಾಯಿ ತೆರೆದೆ. ಆದರೆ ಯಾರ ಕಿವಿಯೂ ಒಂದೇ ಎತ್ತರಕ್ಕಿರುವುದಿಲ್ಲ. ಅದಕ್ಕಾಗಿಯೇ ನಾನು ದಿನವೂ ಕನ್ನಡಕದ ಒಂದು ಕಾಲನ್ನು ಬಗ್ಗಿಸಿ ಗಿರಾಕಿಗಳಿಗೆ ಹೊಂದಿಸಿ ಕೊಡುವುದು. ವಾದ ಬಿಟ್ಟು ಬುಗುರಿಯ ಕಡೆ ನೋಡಿದೆ. ಅವನು ಈಗ ಎದುರಿನ ಅಂಗಡಿಯವರ ಕಡೆಗೂ ಮುಖ ತಿರುಗಿಸುತ್ತಿದ್ದ.